ಅಪ್ಪನ ಜೋಡಿ ನಳಿಗೆ ಕೋವಿ, ನನ್ನ ತರಬೇತಿ

ಮಳವಳ್ಳಿ ಕಡೆ ಹೊಲ ಇರುವವರಿಗೆ ಕೋವಿ ಹೊಸದಲ್ಲ. ನಮ್ಮ ಮನೆಯಲ್ಲೂ ಅಪ್ಪನ ಹೆಸರಲ್ಲಿ 12 ಬೋರಿನ (ಬೋರು ಅಂದರೆ ನಳಿಗೆಯ ಅಳತೆ) ಜೋಡಿ ನಳಿಗೆ ಕೋವಿ ಇದೆ. ಅಪ್ಪನಿಗೆ ಎಪ್ಪತ್ತು ದಾಟಿತು, ಕಣ್ಣೂ ಮಂಜಾಯಿತು. ಪರವಾನಗಿ ಇರುವವರಿಗೆ 70 ತುಂಬಿದರೆ, ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದಕ್ಕೆ ಅವಕಾಶ ಇದೆ. ಆದರೆ ಕೋವಿ ಮನೆಯದೇ ಆದರೂ ಪರವಾನಗಿ ಹೊಸದಾಗಿಯೇ ಪಡೆಯಬೇಕು. ಅದಕ್ಕೆ ತರಬೇತಿ ಪ್ರಮಾಣಪತ್ರ ಬೇಕೇ ಬೇಕು.

"ಹುಟ್ಟಿದಾಗಿಂದ ಕೋವಿ ನೋಡಿದ್ದೀಯ, ನಿನಗ್ಯಾಕಪ್ಪ ಟ್ರೈನಿಂಗು?" ಅಂತ ದೊಡ್ಡಪ್ಪ ನಕ್ಕರು. ನಿಯಮ ಮಾತ್ರ ದೊಡ್ಡಪ್ಪನನ್ನು ಕೇಳುವುದಿಲ್ಲವಲ್ಲ.

ಹಲವು ಜಿಲ್ಲೆಗಳಲ್ಲಿ ಪೊಲೀಸರೇ ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ. ನಾನು ಹೋದದ್ದು ಅಂಥ ಒಂದು ಶಿಬಿರಕ್ಕೆ. ಕಬ್ಬು ಬೆಳೆಯುವವರು, ಪೆಟ್ರೋಲ್ ಬಂಕಿನವರು, ಸೆಕ್ಯೂರಿಟಿ ಕೆಲಸ ಹುಡುಕುವ ಹುಡುಗರು, ಸುಮ್ನೆ ಕಲಿಯೋಣ ಅಂತ ಬಂದ ಒಬ್ಬ ಮೇಡಂ, ಎಲ್ಲರೂ ಇದ್ದರು. ಬೆಳಿಗ್ಗೆ ಬೆಳಿಗ್ಗೆ ಮೈದಾನಕ್ಕೆ ಹೋಗಬೇಕು. ಮೊದಲು ಒಂದಿಷ್ಟು ಓಡಿಸುತ್ತಾರೆ, ಅದರ ಬಗ್ಗೆ ಜಾಸ್ತಿ ಹೇಳುವಂಥದ್ದು ಏನೂ ಇಲ್ಲ.

ಎಲ್ಲರೂ ಗುಂಡು ಹಾರಿಸುವ ಆಸೆಯಿಂದಲೇ ಬಂದಿರುತ್ತಾರೆ. ಅದು ಕೊನೆಗೆ, ಅದೂ ಕೆಲವೇ ಸುತ್ತು. ಉಳಿದ ಹೊತ್ತೆಲ್ಲ ಖಾಲಿ ಬಂದೂಕು. ಕೈಗೆ ತಗೊಳ್ಳೋದು, ತೆರೆದು ಖಾಲಿ ಇದೆಯಾ ನೋಡೋದು, ಪಕ್ಕದವರಿಗೆ ತೋರಿಸೋದು, ಕೆಳಗಿಡೋದು. ಮತ್ತೆ ಮೊದಲಿಂದ. ನಾನೂ ಬೇಜಾರು ಪಟ್ಟುಕೊಂಡೆ. ಈಗ ಕೇಳಿದರೆ, ಇಡೀ ತರಬೇತಿಯಲ್ಲಿ ಬೆಲೆ ಬಾಳುವುದು ಅದೇ ಅಂತೀನಿ. ಈಗ ನನ್ನ ಕೈಗೆ ಯಾರೇ ಕೋವಿ ಕೊಡಲಿ, ಮೊದಲು ತೆರೆದು ನೋಡುತ್ತೇನೆ. ಕೊಟ್ಟವರು "ಖಾಲಿ ಐತೆ ಕಣ್ಲಾ" ಅಂದರೂ ನೋಡುತ್ತೇನೆ.

ಕಲಿಸುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಸಾಹೇಬರಿಗೆ ಬೆರಳಿನ ಮೇಲೇ ಕಣ್ಣು. "ಗೌಡ್ರೇ, ಬೆರಳು ಎಲ್ಲೈತೆ ನೋಡ್ಕಳಿ" ಅಂತ ಸಾಲಿನ ಆ ತುದಿಯಿಂದ ಕೂಗುತ್ತಿದ್ದರು. ಗುರಿ ಹಿಡಿದು ಹೊಡೆಯಬೇಕು ಅನ್ನುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು, ಟ್ರಿಗರ್ ಸುತ್ತ ಇರುವ ಬಳೆಯ (ಟ್ರಿಗರ್ ಗಾರ್ಡ್) ಹೊರಗೆ ನೆಟ್ಟಗೆ ಇರಬೇಕು. ನಳಿಗೆ ಯಾವತ್ತೂ ಮನುಷ್ಯರ ಕಡೆ ತಿರುಗಬಾರದು. ಗುರಿಯ ಹಿಂದೆ ಏನಿದೆ ಅಂತಲೂ ನೋಡಬೇಕು. ಪಾಯಿಂಟ್ 22 ರೈಫಲ್ಲಿನ ಗುಂಡು ಕಿರುಬೆರಳಿನ ಉಗುರಿನಷ್ಟಿಲ್ಲ. ಆದರೂ ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಹುದು. ಕಬ್ಬಿನ ಗದ್ದೆಯ ಆಚೆ ಯಾರು ಕಳೆ ಕೀಳುತ್ತಿದ್ದಾರೋ ಯಾರಿಗೆ ಗೊತ್ತು?

ನನ್ನದೊಂದು ತಕರಾರೂ ಇದೆ. ಅಲ್ಲಿ ಕಲಿಸಿದ್ದೆಲ್ಲ ರೈಫಲ್ಲಿನ ಮೇಲೆ. ರೈತರ ಮನೆಯಲ್ಲಿ ಇರುವುದು ಜೋಡಿ ನಳಿಗೆಯೋ ಒಂಟಿ ನಳಿಗೆಯೋ, ಇಲ್ಲ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿ. ಅದರ ಅಪಾಯಗಳೇ ಬೇರೆ. ಹಾಗಾಗಿ ಊಟದ ಬಿಡುವಿನಲ್ಲಿ ಸಾಹೇಬರ ಹಿಂದೆ ಬಿದ್ದು ಕೇಳಿಕೊಂಡೆ. ಅವರು ಬೇಸರ ಮಾಡಿಕೊಳ್ಳದೆ ಎರಡು ತೋಟಾ ತಂದು ಮೇಜಿನ ಮೇಲೆ ನಿಲ್ಲಿಸಿದರು. ಒಂದು 12 ಬೋರಿನದು, ಕೆಂಪು. ಇನ್ನೊಂದು 20 ಬೋರಿನದು, ಹಳದಿ.

ಸಂಖ್ಯೆ ದೊಡ್ಡದಾದರೆ ತೋಟಾ ಸಣ್ಣದು. ನಳಿಗೆಗೆ ಸರಿಯಾಗಿ ಕೂರುವ ಸೀಸದ ಉಂಡೆ 12 ಸೇರಿ ಒಂದು ಪೌಂಡ್ ತೂಗಿದರೆ ಅದು 12 ಬೋರು. 20 ಉಂಡೆ ಬೇಕಾದರೆ 20 ಬೋರು. ಈ ಹಳದಿ ತೋಟಾ 12 ಬೋರಿನ ಕೋವಿಗೆ ಬಿದ್ದರೆ ಜಾರಿಕೊಂಡು ನಳಿಗೆಯ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಅನ್ನಿಸುತ್ತದೆ. ಅದರ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆಯೇ ಸೀಳುತ್ತದೆ, ಕೋವಿ ಹಿಡಿದ ಎಡಗೈ ಇರುವುದು ಅಲ್ಲೇ. 20ರ ತೋಟಾಗೆ ಹಳದಿ ಬಣ್ಣ ರೂಢಿಯಾದದ್ದು ಇದಕ್ಕೇ. ಜೇಬಿನಲ್ಲಿ ಎರಡು ಬಗೆಯ ತೋಟಾ ಬೆರೆಸಿ ಇಡಬೇಡಿ ಅಂದರು. ನಳಿಗೆಯಲ್ಲಿ ಕೆಸರು ಹೊಕ್ಕರೂ ಇದೇ ಕಥೆ. ಗದ್ದೆ ಬದುವಿನಲ್ಲಿ ಎಡವಿದರೆ, ಮೊದಲು ಕೋವಿ ಮಡಚಿ, ತೋಟಾ ತೆಗೆದು, ನಳಿಗೆಯಲ್ಲಿ ಬೆಳಕು ಕಾಣುತ್ತದಾ ನೋಡಬೇಕು.

ಟ್ರಿಗರ್ ಎಳೆದರೂ ಸಿಡಿಯಲಿಲ್ಲ ಅಂದುಕೊಳ್ಳಿ. ತಕ್ಷಣ ಮಡಚಿ ನೋಡುವ ಆತುರ ಎಲ್ಲರಿಗೂ ಇರುತ್ತದೆ. ನೋಡಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಕಡಿಮೆ ಅಂದರೂ 30 ಸೆಕೆಂಡ್ ಎಣಿಸಿ. ಮದ್ದು ತಡವಾಗಿ ಹತ್ತುವುದೂ ಉಂಟು.

ಫೈರಿಂಗ್ ದಿನ ಮಲಗಿಕೊಂಡು ಹೊಡೆಸಿದರು. ಬಂದೂಕಿನ ಹಿಂಬದಿ (ಬಟ್) ಭುಜಕ್ಕೆ ಗಟ್ಟಿಯಾಗಿ ಒತ್ತಿಕೊಳ್ಳದಿದ್ದರೆ ಒದೆತ ಜೋರು. ನನ್ನ ಗುಂಡುಗಳೆಲ್ಲ ಎಡಕ್ಕೇ ಬಿದ್ದವು. ಮೇಡಂ ನಮ್ಮನ್ನೆಲ್ಲ ಹಿಂದೆ ಹಾಕಿದರು.

ಪ್ರಮಾಣಪತ್ರ ಸಿಕ್ಕಿದ ತಕ್ಷಣ ಲೈಸೆನ್ಸ್ ಸಿಕ್ಕಿತು ಅಂತ ತಿಳಿಯಬೇಡಿ. ಅದು ಅರ್ಜಿಯ ಜೊತೆ ಇಡುವ ಒಂದು ಕಾಗದ, ಅಷ್ಟೇ. ಮಂಡ್ಯದಲ್ಲಿ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಮೈಸೂರು ನಗರದವರಾದರೆ ಪೊಲೀಸ್ ಕಮಿಷನರಿಗೆ. ವಯಸ್ಸು 21 ಆಗಿರಬೇಕು. ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಡಾಕ್ಟರ ಪತ್ರ ಬೇಕು. ನಮ್ಮದು ವಾರಸಿನ ಕೋವಿಯಾದ್ದರಿಂದ ಉಳಿದ ಮಕ್ಕಳ ಒಪ್ಪಿಗೆ ಪತ್ರವೂ ಬೇಕಾಯಿತು. "ಜಮೀನಿಗೆ ಸೈನ್ ಹಾಕಲ್ಲ, ಕೋವಿಗೆ ಬೇಕಾದ್ರೆ ಹಾಕ್ತೀನಿ" ಅಂತ ತಂಗಿ ರೇಗಿಸಿದಳು. ಆಮೇಲೆ ಠಾಣೆಯಿಂದ ವಿಚಾರಣೆ. ಮನೆಯಲ್ಲಿ ಕೋವಿ ಎಲ್ಲಿಡುತ್ತೀರಿ ಅಂತಲೂ ಕೇಳಿದರು. ಜೋಡಿ ನಳಿಗೆಯನ್ನು ಬಿಚ್ಚಿ ಮೂರು ಭಾಗ ಮಾಡಬಹುದು. ನಾನು ಹಾಗೇ ಬಿಚ್ಚಿ ಬೀರುವಿನಲ್ಲಿ ಇಡುತ್ತೇನೆ, ತೋಟಾಗೆ ಬೇರೆ ಬೀಗ.

ಪರವಾನಗಿ ಈಗ ಐದು ವರ್ಷಕ್ಕೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಗೆ ಮುಂಚೆ ಮೂರೇ ವರ್ಷ ಇತ್ತು. ಮದುವೆಯಲ್ಲಿ, ಹಬ್ಬದಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಅದೇ ತಿದ್ದುಪಡಿ ಹೇಳಿತು. ಲೈಸೆನ್ಸ್ ಇದೆ ಅಂತ ಗದ್ದೆಗೆ ಬಂದ ಹಂದಿಗೋ ಚಿರತೆಗೋ ಗುರಿಯಿಡುವ ಹಾಗೂ ಇಲ್ಲ, ಅಲ್ಲಿ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ಇನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಅಂತ ಕರೆ ಬರಬಹುದು. ಒಪ್ಪಿಸುವ ಮುಂಚೆ ನಳಿಗೆ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ ಕೊಡಿ. ರಸೀದಿಯಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ಓದಿಕೊಳ್ಳಿ.