ಪಿಜಿ ವೈಫೈಯಲ್ಲಿ ಲೋಕಲ್ ಸರ್ವರ್ ಓಡಿಸುವವರಿಗೆ

ಮಣಿಪಾಲದ ಹಾಸ್ಟೆಲ್, ಮಂಗಳೂರಿನ ಪಿಜಿಗಳಲ್ಲಿ ಕೂತು ಕೋಡ್ ಬರೆಯುವವರು ನಮ್ಮ ಗ್ರೂಪಿನಲ್ಲಿ ಜಾಸ್ತಿ. ಒಂದೇ ವೈಫೈಯಲ್ಲಿ ಹತ್ತಾರು ಜನ ಇರುತ್ತಾರೆ, ಅಲ್ವಾ? ಹಾಗಾಗಿ ನಿಮ್ಮ ಲೋಕಲ್ ಸರ್ವರ್ (ಆ್ಯಪ್ ಪರೀಕ್ಷಿಸಲು ಲ್ಯಾಪ್‌ಟಾಪಿನಲ್ಲೇ ಓಡಿಸುವ ಸರ್ವರ್) ಯಾವ ವಿಳಾಸದಲ್ಲಿ ಓಡುತ್ತಿದೆ ಅಂತ ಮೊದಲು ನೋಡಿ. 127.0.0.1 ಇದ್ದರೆ ಅದು ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ. 0.0.0.0 ಇದ್ದರೆ, ಫೈರ್‌ವಾಲ್ ತಡೆಯದಿದ್ದಲ್ಲಿ, ಪಕ್ಕದ ರೂಮಿನವರೂ ತೆರೆಯಬಹುದು. ಪೈಥಾನ್ ಜೊತೆ ಬರುವ ಸಣ್ಣ ಸರ್ವರ್ ತಾನಾಗಿಯೇ ಹೀಗೆ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಇರುವ ಎನ್ವಿ (.env) ಸೆಟ್ಟಿಂಗ್ಸ್ ಫೈಲ್ ಆ ಫೋಲ್ಡರಿನಲ್ಲಿದ್ದರೆ ಅದೂ ಸಿಗುತ್ತದೆ. ಅದರ ಬೈಂಡ್ (--bind) ಆಯ್ಕೆಯಲ್ಲಿ 127.0.0.1 ಕೊಟ್ಟೇ ಓಡಿಸಿ.

ಎಚ್‌ಟಿಟಿಪಿಎಸ್ (ಬ್ರೌಸರ್, ಸರ್ವರ್ ನಡುವಿನ ಮಾತನ್ನು ಬೇರೆಯವರು ಓದದಂತೆ ಕಳಿಸುವ ವಿಧಾನ) ಬೇಕಾ? ಲ್ಯಾಪ್‌ಟಾಪಿನಲ್ಲಷ್ಟೇ ನೋಡುವುದಾದರೆ ಹೆಚ್ಚಾಗಿ ಬೇಡ. ಲೋಕಲ್‌ಹೋಸ್ಟನ್ನು (ಅಂದರೆ 127.0.0.1) ಕ್ರೋಮ್, ಫೈರ್‌ಫಾಕ್ಸ್ ಸುರಕ್ಷಿತ ಎಂದೇ ಪರಿಗಣಿಸುತ್ತವೆ. ಆದರೆ ಅದೇ ಆ್ಯಪನ್ನು ಫೋನಿನಿಂದ 192.168ರಂಥ ವಿಳಾಸದಲ್ಲಿ, ಅಂದರೆ ವೈಫೈಯಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕ ಐಪಿಯಲ್ಲಿ, ತೆರೆದರೆ (ಇದಕ್ಕೆ ಮಾತ್ರ ಸರ್ವರನ್ನು 0.0.0.0ರಲ್ಲಿ ಓಡಿಸಬೇಕು) ಎಚ್‌ಟಿಟಿಪಿಎಸ್ ಇಲ್ಲದೆ ಕ್ಯಾಮೆರಾ, ಲೊಕೇಶನ್ ಸಿಗುವುದಿಲ್ಲ. ಆಗ ಎಂಕೆಸರ್ಟ್ (mkcert) ಹಾಕಿಕೊಳ್ಳಿ, ಇದು ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಮಾಡಿಕೊಡುವ ಟೂಲ್. ಆ ಐಪಿಗೆ ಸರ್ಟಿಫಿಕೇಟ್ ಮಾಡಿ, ಎಂಕೆಸರ್ಟ್‌ನ ರೂಟ್ ಸರ್ಟಿಫಿಕೇಟನ್ನು (ಅದು ಮಾಡಿದ ಸರ್ಟಿಫಿಕೇಟುಗಳನ್ನು ನಂಬಲು ಬೇಕಾದ ಮೂಲ ಸರ್ಟಿಫಿಕೇಟ್) ಫೋನಿಗೂ ಹಾಕಿ. ಐಫೋನಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಸಾಲದು. ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ ಸರ್ಟಿಫಿಕೇಟ್ ಟ್ರಸ್ಟ್ ಆನ್ ಮಾಡಬೇಕು. ಈ ಪರೀಕ್ಷೆಗೆ ಪಿಜಿ ವೈಫೈ ಬಿಟ್ಟು ಸ್ವಂತ ಹಾಟ್‌ಸ್ಪಾಟ್ ಬಳಸಿದರೆ ಒಳ್ಳೆಯದು.

ದಯವಿಟ್ಟು ಇದೊಂದನ್ನು ಮಾಡಬೇಡಿ: ರೂಟ್‌ನ ಪ್ರೈವೇಟ್ ಕೀ ಫೈಲನ್ನು (ಸರ್ಟಿಫಿಕೇಟಿಗೆ ಸಹಿ ಹಾಕುವ ಗುಟ್ಟಿನ ಕೀ) ವಾಟ್ಸಾಪಿನಲ್ಲಿ ಗೆಳೆಯರಿಗೆ ಕಳಿಸುವುದು, ಗಿಟ್‌ಗೆ (ಕೋಡ್ ಹಂಚಿಕೊಳ್ಳುವ ಜಾಗಕ್ಕೆ) ಹಾಕುವುದು. ಅದು ಸಿಕ್ಕವರು ನಿಮ್ಮ ಬ್ರೌಸರ್ ನಂಬುವಂಥ ನಕಲಿ ಸರ್ಟಿಫಿಕೇಟನ್ನು ಯಾವ ಸೈಟಿನ ಹೆಸರಲ್ಲಾದರೂ ಮಾಡಬಹುದು, ನಿಮ್ಮ ಬ್ಯಾಂಕಿನ ಹೆಸರಲ್ಲೂ. ಟೀಮಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲೇ ಬೇರೆ ಬೇರೆ ರೂಟ್ ಮಾಡಿಕೊಳ್ಳಿ, ಎರಡು ಕಮಾಂಡಿನ ಕೆಲಸ ಅಷ್ಟೆ.