ಬಸಿ ನೀರಿನ ಗ್ಯಾಸ್ ಹಿಡಿಯುವ ಕೆಲಸ

ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆಗಳಿಗೆ ಸವಳು-ಜವಳು ಹಳೇ ಕಾಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಎರೆಭೂಮಿಯಲ್ಲಿ ನಿಂತು ನಿಂತು ಉಪ್ಪು ಮೇಲೆ ಬಂದಿದೆ. ಅದಕ್ಕೇ ಕೆಲವು ಗದ್ದೆಗಳ ನೆಲದೊಳಗೆ ತೂತಿನ ಪೈಪು ಹೂತು, ಉಪ್ಪುನೀರು ಬಸಿದು ಹಳ್ಳಕ್ಕೆ ಹೋಗುವಂತೆ ಮಾಡಿದ್ದಾರೆ. ಆ ಬಸಿ ನೀರಿನಲ್ಲಿ ಕರಗಿರುವ ಗ್ಯಾಸ್ ಅಳೆಯುವುದು ನನ್ನ ಕೆಲಸ. ‘ನೀರಲ್ಲಿ ಎಂಥಾ ಗ್ಯಾಸ್ ಸಾರ್?’ ಅಂತ ರೈತರು ನಗುತ್ತಾರೆ.

ಇರುತ್ತೆ. ಬೆಳೆಗೆ ದಕ್ಕದ ಯೂರಿಯಾದ ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ. ಆಮ್ಲಜನಕ ಕಮ್ಮಿ ಇರುವ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತವೆ. ಪೂರ್ತಿ ಒಡೆದರೆ ಬರೀ ಸಾರಜನಕ ಅನಿಲ, ಚಿಂತೆಯಿಲ್ಲ. ಅರ್ಧಕ್ಕೇ ನಿಂತರೆ ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಹೆಚ್ಚಿಸುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2019ರ ಲೆಕ್ಕದ ಪ್ರಕಾರ, ಬಸಿದುಹೋದ 1 ಕೆಜಿ ಸಾರಜನಕದಲ್ಲಿ ಸುಮಾರು 11 ಗ್ರಾಂ ಸಾರಜನಕ ನೈಟ್ರಸ್ ಆಕ್ಸೈಡ್ ರೂಪದಲ್ಲಿ ಗಾಳಿಗೆ ಸೇರುತ್ತದೆ. ಆಮ್ಲಜನಕದ ತೂಕವೂ ಸೇರಿದರೆ ಅದು ಸುಮಾರು 17 ಗ್ರಾಂ ನೈಟ್ರಸ್ ಆಕ್ಸೈಡ್; 273ರಿಂದ ಗುಣಿಸಿ ನೋಡಿದರೆ 4.7 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಸಾರಜನಕವೇ 20 ಕೆಜಿಗಿಂತ ಜಾಸ್ತಿ ಇದೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ, ನೀರು ಎಲ್ಲಿ ಹಿಡಿಯುತ್ತೀರಿ ಅನ್ನೋದು. ಪೈಪಿನೊಳಗಿನ ನೀರು ಮುಚ್ಚಳ ತೆಗೆಯದ ಸೋಡಾ ಬಾಟಲಿ ಇದ್ದ ಹಾಗೆ. ಪೈಪಿನ ಬಾಯಿಂದ ಹಳ್ಳಕ್ಕೆ ದುಮುಕಿದ ಕೂಡಲೇ ಗ್ಯಾಸ್ ಹಾರಲು ಶುರು. ಹಳ್ಳದ ಕೆಳಗಡೆ, ನಿಲ್ಲಲು ಅನುಕೂಲ ಇರುವ ಕಡೆ ನೀರು ತೆಗೆದರೆ, ಬಹುಪಾಲು ಹೋಗಿಬಿಟ್ಟಿರುತ್ತದೆ. ‘ಇಲ್ಲೇನೂ ಇಲ್ಲ’ ಅನ್ನೋ ವರದಿ ಬರೆಯುವುದು ಸುಲಭ! ಹಾಗಾಗಿ ನಾನು ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ, ಪೈಪಿನ ಒಳಗಿನಿಂದಲೇ ಗುಳ್ಳೆ ಬರದಂತೆ ನೀರು ಎಳೆಯುತ್ತೇನೆ.

60 ಮಿಲಿ ಸಿರಿಂಜಿನಲ್ಲಿ ಅರ್ಧ ನೀರು, ಅರ್ಧ ಶುದ್ಧ ಸಾರಜನಕ ಅನಿಲ. ಕೆಲವು ನಿಮಿಷ ಚೆನ್ನಾಗಿ ಕುಲುಕುತ್ತೇನೆ. ಕರಗಿದ್ದ ಗ್ಯಾಸ್ ಮೇಲಿನ ಅನಿಲಕ್ಕೆ ಬರುತ್ತದೆ. ಅದನ್ನು ನಿರ್ವಾತ ಸೀಸೆಗೆ ಚುಚ್ಚಿ ಗ್ಯಾಸ್ ಕ್ರೊಮೆಟೋಗ್ರಾಫ್‌ಗೆ, ಅಂದರೆ ಗ್ಯಾಸ್‌ಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ, ಕಳಿಸುತ್ತೇನೆ. ನೀರಿನ ಉಷ್ಣತೆಯನ್ನು ಅಲ್ಲೇ ಬರೆದುಕೊಳ್ಳಲೇಬೇಕು. ಕುಲುಕಿದ ಮೇಲೂ ನೈಟ್ರಸ್ ಆಕ್ಸೈಡ್‌ನ ಮೂರನೇ ಒಂದು ಪಾಲಿಗಿಂತ ಜಾಸ್ತಿ ನೀರಲ್ಲೇ ಉಳಿದಿರುತ್ತದೆ, ಎಷ್ಟು ಅನ್ನೋದು ಉಷ್ಣತೆಯ ಮೇಲೆ ನಿಂತಿದೆ. ನಾನು ಅಳೆಯುವ ಇನ್ನೊಂದು ಗ್ಯಾಸ್ ಮೀಥೇನ್‌ಗೆ ಈ ತಲೆನೋವು ಅಷ್ಟಿಲ್ಲ, ಅದು ನೀರಿನಲ್ಲಿ ಕರಗುವುದೇ ಕಮ್ಮಿ. ಅದರ ತೊಂದರೆ ಬೇರೆ. ಆಪು ಬೆಳೆದು ನೀರು ನಿಂತ ಹಳ್ಳದಲ್ಲಿ ಅದು ಕೆಸರಿನಿಂದ ಗುಳ್ಳೆಯಾಗಿ ಏಳುತ್ತದೆ, ಸಿರಿಂಜಿಗೆ ಸಿಗಲ್ಲ. ಅದಕ್ಕೆ ನೀರಿನ ಮೇಲೆ ಬೋರಲು ಹಾಕಿದ ತೇಲುವ ಡಬ್ಬಿಯೇ ಬೇಕು.

ಸಿಕ್ಕಿದ್ದೇನು? ನಾನು ನೋಡಿದ ಪೈಪುಗಳಲ್ಲಿ ಮೇಲುಗೊಬ್ಬರ ಹಾಕಿದ ನಂತರದ ದಿನಗಳಲ್ಲೇ ನೈಟ್ರಸ್ ಆಕ್ಸೈಡ್ ಏರುತ್ತದೆ. ಗದ್ದೆ ಒಣಗಿ ಮತ್ತೆ ನೀರು ಕಟ್ಟಿದಾಗ ಇನ್ನೂ ಜಾಸ್ತಿ.

ಹಾಗಾಗಿ ಒಪ್ಪಿದ ರೈತರ ಪೈಪಿನ ಬಾಯಿಗೆ ಎಲ್ಬೋ (ಮೊಣಕೈಯಂತೆ ಬಾಗಿದ ಪೈಪಿನ ತುಂಡು) ಹಾಕಿದೆವು. ಯೂರಿಯಾ ಎರಚಿದ ಮೇಲೆ ಒಂದು ವಾರ ಎಲ್ಬೋ ಮೇಲಕ್ಕೆ ತಿರುಗಿಸಿದರೆ ನೀರು ಬಸಿಯುವುದು ತಡೆದು, ಗೊಬ್ಬರ ಗದ್ದೆಯಲ್ಲೇ ಉಳಿಯುತ್ತದೆ. ರೈತರಿಗೆ ಹವಾಮಾನಕ್ಕಿಂತ ಯೂರಿಯಾ ಉಳಿಯುವ ಮಾತೇ ರುಚಿಸಿತು. ಅದು ಸರಿಯೇ, ಅಲ್ವಾ? ಆದರೆ ಯಾವಾಗಲೂ ಮುಚ್ಚಿಟ್ಟರೆ ಉಪ್ಪು ಹೊರಹೋಗಲ್ಲ, ಪೈಪು ಹೂತದ್ದೇ ದಂಡ. ಇನ್ನೊಂದು ಅನುಮಾನವೂ ಇದೆ. ನೀರು ತಡೆದಾಗ ಗದ್ದೆಯ ಮೇಲಿನಿಂದಲೇ ಗ್ಯಾಸ್ ಹೋಗಬಹುದು. ಅದನ್ನು ನೋಡಲು ಈ ಬೇಸಿಗೆ ಬೆಳೆಯಲ್ಲಿ ಪೈಪಿನ ಜೊತೆಗೆ ಮಡಿಯೊಳಗೂ ಗ್ಯಾಸ್ ಹಿಡಿಯುವ ಚೇಂಬರ್ (ಬೋರಲು ಡಬ್ಬಿ) ಇಟ್ಟಿದ್ದೇನೆ.