ಸಿಸ್ಕಿನ್, ಗೋಲ್ಡ್‌ಫಿಂಚ್‌ಗಳನ್ನು ನಕಾಶೆಗಿಳಿಸಿದ ಬಗೆ

ಸಿಸ್ಕಿನ್ ಮತ್ತು ಗೋಲ್ಡ್‌ಫಿಂಚ್ ಎಂಬ ಪುಟ್ಟ ಫಿಂಚ್ ಹಕ್ಕಿಗಳ ವರ್ಗೀಕರಣ ನನಗೆ ಮನದಟ್ಟಾದದ್ದು ನಕಾಶೆ ಬರೆಯಲು ಕೂತ ಮೇಲೆಯೇ. ಪ್ರಪಂಚದ ಖಾಲಿ ನಕಾಶೆ ಹರಡಿಕೊಂಡು, ಒಂದೊಂದು ಹಕ್ಕಿ ಮರಿ ಮಾಡುವ ಪ್ರದೇಶಕ್ಕೆ ಬಣ್ಣ ತುಂಬುತ್ತ ಹೋದೆ. ಒಂದು ಕುಲಕ್ಕೆ, ಅಂದರೆ ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪಿಗೆ, ಒಂದೇ ಬಣ್ಣ. ಹಕ್ಕಿಯ ಮೈಬಣ್ಣ ಏನೇ ಇರಲಿ.

ಹಳೆಯ ಪುಸ್ತಕಗಳಲ್ಲಿ ಇವೆಲ್ಲ ಕಾರ್ಡುಯೆಲಿಸ್ ಎಂಬ ಒಂದೇ ದೊಡ್ಡ ಕುಲದಲ್ಲಿದ್ದವು. ಡಿಎನ್‌ಎ ಹೋಲಿಕೆ ಅದನ್ನು ಒಡೆಯಿತು. 2012ರಲ್ಲಿ ಫಿಂಚ್ ಕುಟುಂಬದ ವಿಸ್ತಾರವಾದ ವಂಶವೃಕ್ಷ ಪ್ರಕಟವಾದ ಮೇಲಂತೂ ಹೊಸ ಹಂಚಿಕೆ ಗಟ್ಟಿಯಾಯಿತು. ಗ್ರೀನ್‌ಫಿಂಚ್‌ಗಳು ಕ್ಲೋರಿಸ್ ಕುಲಕ್ಕೆ, ಲಿನೆಟ್‌ಗಳು ಲಿನಾರಿಯಾಕ್ಕೆ, ರೆಡ್‌ಪೋಲ್ ಅಕಾಂಥಿಸ್‌ಗೆ ಹೋದವು. ಕಾರ್ಡುಯೆಲಿಸ್‌ನಲ್ಲಿ ಉಳಿದದ್ದು ಯುರೋಪಿನ ಗೋಲ್ಡ್‌ಫಿಂಚ್, ಸಿಟ್ರಿಲ್ ಫಿಂಚ್, ಕಾರ್ಸಿಕಾ ಫಿಂಚ್‌ನಂಥ ಬೆರಳೆಣಿಕೆಯ ಹಕ್ಕಿಗಳು. ಸಿಸ್ಕಿನ್‌ಗಳದ್ದು ಸ್ಪೈನಸ್ ಕುಲ. ಅದರಲ್ಲಿ ಸುಮಾರು 20 ಪ್ರಭೇದಗಳಿವೆ.

ಬಣ್ಣ ತುಂಬಿದಾಗ ಚಿತ್ರ ಸ್ಪಷ್ಟವಾಯಿತು. ಕಾರ್ಡುಯೆಲಿಸ್ ಯುರೋಪ್, ಉತ್ತರ ಆಫ್ರಿಕಾ, ಏಷ್ಯಾಗಳನ್ನು ತಾನಾಗಿ ದಾಟಿಲ್ಲ. ಸ್ಪೈನಸ್ ಮಾತ್ರ ಕೆನಡಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೂ ಹಬ್ಬಿದೆ. ಅಮೆರಿಕದ ಮೂರೂ ಗೋಲ್ಡ್‌ಫಿಂಚ್‌ಗಳು ಬೀಳುವುದು ಇದೇ ಬಣ್ಣದೊಳಗೆ, ಅಂದರೆ ಸಿಸ್ಕಿನ್‌ಗಳ ಬಳಗದಲ್ಲಿ. ಎರಡು ಖಂಡಗಳ ಗೋಲ್ಡ್‌ಫಿಂಚ್‌ಗಳ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಯುರೋಪಿನದಕ್ಕೆ ಸಣ್ಣಗೆ ಚೂಪಾದ ಕೊಕ್ಕು, ಗಂಡು ಹೆಣ್ಣು ಎರಡಕ್ಕೂ ವರ್ಷವಿಡೀ ಕೆಂಪು ಮುಖ. ಅಮೆರಿಕನ್ ಗೋಲ್ಡ್‌ಫಿಂಚ್ ವರ್ಷಕ್ಕೆರಡು ಸಲ ಮೈಗರಿ ಬದಲಿಸುತ್ತದೆ. ವಸಂತದಲ್ಲಿ ಗಂಡು ಅಚ್ಚ ಹಳದಿ, ಹಣೆಯ ಮೇಲೆ ಕಪ್ಪು ಟೊಪ್ಪಿ. ಚಳಿಗಾಲಕ್ಕೆ ಮಂಕು ಕಂದು. ಹೀಗೆ ನೋಡಿದ ಮೇಲೆ ಅವನ್ನು ಒಂದೇ ಗುಂಪಿಗೆ ಸೇರಿಸಲು ನನಗೆ ಮನಸ್ಸೇ ಬರುವುದಿಲ್ಲ.

ಗೆರೆ ಎಳೆಯುವುದು ಎಲ್ಲಕ್ಕಿಂತ ಕಷ್ಟವಾದದ್ದು ಪೈನ್ ಸಿಸ್ಕಿನ್‌ಗೆ. ಮೈತುಂಬ ಕಂದು ಗೀರು, ರೆಕ್ಕೆ ಬಾಲಗಳ ಅಂಚಿನಲ್ಲಿ ಚೂರು ಹಳದಿ ಇರುವ ಈ ಹಕ್ಕಿ ಉತ್ತರದ ಕಾಡುಗಳಲ್ಲಿ ಬೀಜದ ಫಸಲು ಕೈಕೊಟ್ಟ ವರ್ಷ ದಂಡುಗಟ್ಟಿ ದಕ್ಷಿಣಕ್ಕಿಳಿಯುತ್ತದೆ. ಮರುವರ್ಷ ಅಲ್ಲಿ ಒಂದೂ ಕಾಣದೆ ಹೋಗಬಹುದು. ಆದ್ದರಿಂದ ಚಳಿಗಾಲದ ಗಡಿಯನ್ನು ಚುಕ್ಕೆಗೆರೆಯಲ್ಲೇ ಬಿಟ್ಟೆ. ಯುರೇಷಿಯನ್ ಸಿಸ್ಕಿನ್‌ನದು ಇನ್ನೊಂದು ಬಗೆ: ಒಂದು ತುಂಡು ಯುರೋಪಿನ ಕಡೆ, ಇನ್ನೊಂದು ಏಷ್ಯಾದ ಪೂರ್ವದ ಕಡೆ, ನಡುವೆ ದೊಡ್ಡ ಖಾಲಿ ಜಾಗ. ಅಂದ ಚೆನ್ನಾಗಿ ಕಾಣಲೆಂದು ಆ ಖಾಲಿಯನ್ನು ಬಣ್ಣದಿಂದ ಮುಚ್ಚಬಾರದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಗೋಲ್ಡ್‌ಫಿಂಚ್‌ಗಳು ಮನುಷ್ಯರು ಒಯ್ದು ಬಿಟ್ಟವು. ಅವಕ್ಕೆ ಬೇರೆ ಗುರುತು ಹಾಕಿದೆ, ಇಲ್ಲದಿದ್ದರೆ ನೋಡುವವರು ಆ ಕುಲದ ಚರಿತ್ರೆಯನ್ನೇ ತಪ್ಪಾಗಿ ಓದುತ್ತಾರೆ.

ಪಶ್ಚಿಮ ಹಿಮಾಲಯದ ಬೂದುತಲೆಯ ಗೋಲ್ಡ್‌ಫಿಂಚ್ ಅನ್ನು ಯುರೋಪಿನದರ ಉಪಪ್ರಭೇದವೆನ್ನುವ ಪಟ್ಟಿಗಳೂ ಇವೆ, ಬೇರೆ ಪ್ರಭೇದವೆನ್ನುವ ಪಟ್ಟಿಗಳೂ ಇವೆ. ತಲೆಯ ಮೇಲಿನ ಕಪ್ಪು ಅದಕ್ಕಿಲ್ಲ, ಆದರೆ ಎರಡೂ ಸಂಧಿಸುವೆಡೆ ಮಿಶ್ರ ಸಂತಾನ ಹುಟ್ಟುತ್ತದೆ. ನಾನು ಅದೇ ಬಣ್ಣ ಇಟ್ಟು ಮೇಲೆ ಓರೆಗೆರೆ ಎಳೆದೆ. ಪೂರ್ವ ಹಿಮಾಲಯದ ಟಿಬೆಟನ್ ಸಿಸ್ಕಿನ್ ಹಿಂದೆ ಸೆರಿನಸ್ ಕುಲದಲ್ಲಿತ್ತು, ಈಗ ಸ್ಪೈನಸ್.

ಆಂಡಿಸ್ ಭಾಗಕ್ಕೆ ಒಂದೇ ಹಾಳೆ ಸಾಲಲಿಲ್ಲ. ಅಲ್ಲಿನ ಸಿಸ್ಕಿನ್‌ಗಳು ಅಲ್ಪಾವಧಿಯಲ್ಲೇ ಕವಲೊಡೆದವು. ಹಲವಕ್ಕೆ ಅದೇ ಕಪ್ಪು ತಲೆ, ಹಳದಿ ಮೈ. ಒಂದೇ ದೇಶದಲ್ಲಿ ಹಲವು ಪ್ರಭೇದಗಳ ವ್ಯಾಪ್ತಿ ಒಂದರ ಮೇಲೊಂದು ಬೀಳುತ್ತದೆ. ಅದಕ್ಕೆ ಪ್ರಭೇದಕ್ಕೊಂದು ಪಾರದರ್ಶಕ ಹಾಳೆ ಮಾಡಿ, ಎತ್ತರವನ್ನೂ ನಮೂದಿಸಿದೆ. ಕೆಂಪು ಸಿಸ್ಕಿನ್‌ನ ಹಾಳೆಯಲ್ಲಿ ಬಣ್ಣ ತುಂಬುವಷ್ಟು ಜಾಗವೇ ಉಳಿದಿಲ್ಲ. ಪಂಜರದಲ್ಲಿ ಸಾಕುವ ಕ್ಯಾನರಿ ಹಕ್ಕಿಗಳ ಜೊತೆ ಕೂಡಿಸಿ ಕೆಂಪು ಕ್ಯಾನರಿ ಪಡೆಯುವ ಆಸೆಗೆ ವೆನೆಜುವೆಲಾದಲ್ಲಿ ಅದನ್ನು ಹಿಡಿದು ಹಿಡಿದು ಬರಿದು ಮಾಡಿದರು. ದಕ್ಷಿಣ ಗಯಾನಾದಲ್ಲಿ 2000ದಲ್ಲಿ ಸಿಕ್ಕ ಗುಂಪಿಗೆ ನಾನು ಹಾಕಿರುವುದು ಒಂದು ಚುಕ್ಕೆ ಮಾತ್ರ. ಹಿಡಿಯುವವರಿಗೆ ದಾರಿ ತೋರಿಸುವ ನಕಾಶೆ ಅದಾಗಕೂಡದು.